ಒಂಬತ್ತು ತೇಪೆಯ ಬ್ಯಾಗ್‌ಪೈಪ್

ಟೈಲರಕ್ಕನ ಬಾಯಲ್ಲಿ ಬಾರದ ಮಾತು ಒಂದೇ: "ಗೊತ್ತಿಲ್ಲ." ಇಪ್ಪತ್ತೆರಡು ವರ್ಷದಿಂದ ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಪರದೆ ತನ್ನಿ, ಕೊಡೆ ತನ್ನಿ, ಜಿಪ್ಪು ಕಿತ್ತ ಸೂಟ್‌ಕೇಸು ತನ್ನಿ, "ಇಟ್ಟು ಹೋಗಿ" ಅನ್ನುತ್ತಾಳೆ. ಗಂಡಸು ಟೈಲರ್ ಏನಾದರೂ ಕೇಳಿದರೆ ಮುತುವರ್ಜಿ, ತಾನು ಕೇಳಿದರೆ ಕೆಲಸ ಬಾರದು ಎಂದು ಅರ್ಥ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಡಿ ತೆರೆದ ಮೊದಲ ವಾರದಲ್ಲೇ ತಾನಾಗಿ ಕಲಿತಿದ್ದಳು.

ಹಾಗಾಗಿ ಆ ದಿನ ಬೆಳಗ್ಗೆ ಒಂಬತ್ತಕ್ಕೆ ಶಾಲೆಯ ಹೆಡ್‌ಮಿಸ್ ಬಂದು ಮೇಜಿನ ಮೇಲೆ ಒಂದು ರೋಮದ ಮುದ್ದೆಯನ್ನು ಇಟ್ಟಾಗಲೂ ಅವಳು ಏನೂ ಕೇಳಲಿಲ್ಲ. ಅದು ಮೇಕೆ ಚರ್ಮದ ದೊಡ್ಡ ಚೀಲ. ಅಲ್ಲಲ್ಲಿ ತೂತು. ಕೆಲವು ಇಲಿ ಕಡಿದ ಹಾಗಿದ್ದವು, ಕೆಲವು ಸ್ವಲ್ಪ ದೊಡ್ಡವು.

"ಎಲ್ಲಾ ತೂತೂ ಮುಚ್ಚಿಬಿಡಿ," ಎಂದರು ಹೆಡ್‌ಮಿಸ್. "ಗಾಳಿ ಒಳಗೂ ಹೋಗಬಾರದು, ಹೊರಗೂ ಬರಬಾರದು. ಮೂರು ಗಂಟೆಗೆ ಬರ್ತೀನಿ. ಆ ಕೆಲಸದ ವಿಷಯಾನೂ ಆಗಲೇ ಮಾತಾಡೋಣ."

ಆ ಕೆಲಸವೆಂದರೆ ಶಾಲೆಯಲ್ಲಿ ಹೊಲಿಗೆ ಟೀಚರ್ ಕೆಲಸ. ಟೈಲರಕ್ಕ ಅರ್ಜಿ ಕೊಟ್ಟು ಎರಡು ತಿಂಗಳಾಗಿತ್ತು. ಮೂವತ್ತು ಹುಡುಗಿಯರು ಎದ್ದು ನಿಂತು "ನಮಸ್ತೆ ಟೀಚರ್" ಅನ್ನುವುದನ್ನು ಅವಳು ಮಷೀನು ತುಳಿಯುತ್ತಲೇ ಎಷ್ಟೋ ಸಲ ಕೇಳಿಸಿಕೊಂಡಿದ್ದಳು. ಒಂದೊಂದು ಸಲ ಯಾರೂ ಇಲ್ಲದಾಗ "ಕೂತ್ಕೊಳ್ಳಿ" ಅಂತ ಜೋರಾಗಿಯೇ ಹೇಳಿ, ನಾಚಿ, ಸುತ್ತ ನೋಡಿದ್ದೂ ಉಂಟು.

ಇಂಥ ದಿನ ಕೈಗೆ ಬಂದ ಕೆಲಸವನ್ನು ಸುಮ್ಮನೆ ಮಾಡಲಾದೀತೇ? ಅವಳು ತೂತುಗಳನ್ನು ಎಣಿಸಿದಳು: ಒಂಬತ್ತು. ಒಂದೊಂದು ಒಂದೊಂದು ಆಕಾರ. ಚಂದ ಕಾಣಲಿ ಎಂದು ಎಲ್ಲದರ ಅಂಚನ್ನೂ ಗುಂಡಗೆ ಕತ್ತರಿಸಿ ಒಂದೇ ಅಳತೆಗೆ ತಂದಳು. ಒಂಬತ್ತಕ್ಕೂ ಒಂದೇ ಬಣ್ಣದ ಚರ್ಮದ ತೇಪೆ, ಅದರ ಮೇಲೆ ಕಣ್ಣಿಗೆ ಕಾಣದಂಥ ಹೊಲಿಗೆ, ಹೊಲಿಗೆಯ ಮೇಲೆ ಮೇಣ. ಹನ್ನೊಂದಕ್ಕೆ ಮುಗಿಸಿ ಬಾಗಿಲ ಕೊಕ್ಕೆಗೆ ನೇತುಹಾಕಿದರೆ, ಚೀಲ ದೊಡ್ಡ ಗುಂಡಿಗಳ ಕೋಟು ತೊಟ್ಟ ಮೇಕೆಯ ಹಾಗೆ ಘನವಾಗಿ ತೂಗಾಡಿತು.

ಮೊದಲು ಬಂದವರು ಪಕ್ಕದ ಮನೆಯ ರೇಡಿಯೋ ಅತ್ತೆ. ಬೀದಿಯ ಸುದ್ದಿಯೆಲ್ಲ ಅವರಿಂದಲೇ ಪ್ರಸಾರ.

"ಏನೇ ಇದು, ತಲೆದಿಂಬಾ? ನಾತ ಹೊಡೀತಿದೆಯಲ್ಲೇ!"

"ಹೆಡ್‌ಮಿಸ್‌ದು ಅತ್ತೆ. ಸ್ಪೆಷಲ್ ಕೆಲಸ."

ಅಷ್ಟರಲ್ಲಿ ಆ ದಾರಿಯಲ್ಲಿ ಹೋಗುತ್ತಿದ್ದ ಭೂಗೋಳದ ಮೇಷ್ಟ್ರು ನಿಂತರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಎಲ್ಲಿ ನಾಲ್ಕು ಜನ ಕಂಡರೂ ಪಾಠ ಶುರುಮಾಡುವ ಮನುಷ್ಯ. ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಯ್ಯೋ ತಾಯಿ, ಇದರ ಬಾಯಿ ಎಲ್ಲಿ?"

"ಯಾವ ಬಾಯಿ?"

"ಇದು ಬ್ಯಾಗ್‌ಪೈಪ್ ಕಣಮ್ಮಾ! ಹೆಡ್‌ಮಿಸ್ ಯಜಮಾನರು ನುಡಿಸೋದು. ಇವತ್ತು ನಾಲ್ಕಕ್ಕೆ ಶಾಲೆ ವಾರ್ಷಿಕೋತ್ಸವದಲ್ಲಿ ಅವರದ್ದೇ ಕಾರ್ಯಕ್ರಮ. ಊದೋಕೆ ಒಂದು ತೂತು, ಬೆರಳಾಡಿಸೋ ಕೊಳವೆಗೆ ಒಂದು, ಶ್ರುತಿ ಕೊಳವೆಗೆ ಬೇರೆ. ನೀನು ಎಲ್ಲಾ ಮುಚ್ಚಿ ಕೂತಿದ್ದೀಯಲ್ಲ!"

ಟೈಲರಕ್ಕನ ಎದೆ ಬಾಬಿನ್ ಸಿಕ್ಕಿಕೊಂಡ ಮಷೀನಿನಂತೆ ಕಟಕಟ ಅಂದು ನಿಂತಿತು. ಅವಳ ಕಣ್ಣೆದುರು ಮೂವತ್ತು ಹುಡುಗಿಯರೂ ಬೆಂಚಿನಿಂದ ಎದ್ದು ಒಬ್ಬೊಬ್ಬರಾಗಿ ಹೊರಟುಹೋದರು.

"ಬಿಚ್ಚಿದ್ರಾಯ್ತು, ಅದಕ್ಯಾಕೆ ಅಳ್ತೀಯಾ?" ಎಂದರು ಅತ್ತೆ.

"ಯಾವುದನ್ನ ಬಿಚ್ಚಲಿ ಅತ್ತೆ? ಇಲಿ ಕಡಿದಿದ್ದು ಯಾವುದು, ನಿಜವಾದ್ದು ಯಾವುದು? ನಾನೇ ಎಲ್ಲಾನೂ ಒಂದೇ ಥರ ಮಾಡಿದೀನಿ!"

ಹೆಡ್‌ಮಿಸ್‌ಗೆ ಫೋನು ಮಾಡಿ ಕೇಳಬಹುದಿತ್ತು. ಅವಳು ಫೋನನ್ನು ಎರಡು ಸಲ ಕೈಗೆತ್ತಿಕೊಂಡಳು, ಎರಡು ಸಲ ಕೆಳಗಿಟ್ಟಳು. ಕೆಲಸ ಕೊಡಬೇಕಾದವರ ಹತ್ತಿರ, ಕೊಡುವ ದಿನವೇ, ಕೆಲಸ ಬಾರದು ಅಂತ ಹೇಳಿಕೊಳ್ಳುವುದೇ?

ಮೇಷ್ಟ್ರು ಮನೆಗೆ ಓಡಿ ಒಂದು ದಪ್ಪ ಪುಸ್ತಕ ತಂದರು. ಕತ್ತರಿಸುವ ಮೇಜಿನ ಮೇಲೆ ಅದು ಬಿದ್ದ ರಭಸಕ್ಕೆ ಗುಂಡುಸೂಜಿಗಳೆಲ್ಲ ಹಾರಿದವು.

"ಮೊದಲು ಇದರ ಮೂಲ ನೋಡೋಣ. ಎಲ್ಲಿ ಹುಟ್ಟಿತು ಅಂತ ಖಚಿತವಾಗಿ ಹೇಳೋರಿಲ್ಲ. ಪಶ್ಚಿಮ ಏಷ್ಯಾದ ಕಡೆ ಅಂತಾರೆ, ರೋಮನ್ನರ ಕಾಲದಲ್ಲೂ ಇತ್ತು ಅಂತಾರೆ…"

"ರೋಮನ್ನರು ಮೂರು ಗಂಟೆಗೆ ಬರಲ್ಲ ಮೇಷ್ಟ್ರೇ, ಹೆಡ್‌ಮಿಸ್ ಬರ್ತಾರೆ! ತೂತು ಎಷ್ಟು, ಅದು ಹೇಳಿ!" ಎಂದಳು ಟೈಲರಕ್ಕ.

"ಅದೇ ಕಷ್ಟ. ಒಂದೊಂದು ಸೀಮೆಗೆ ಒಂದೊಂದು ಲೆಕ್ಕ. ನೋಡು, ಬಲ್ಗೇರಿಯಾದ್ದು ಮೇಕೆ ಚರ್ಮ, ಒಂದೇ ಶ್ರುತಿ ಕೊಳವೆ, ಒಟ್ಟು ಮೂರು ತೂತು. ಕಪ್ಪು ಸಮುದ್ರದ ದಂಡೆಯವರದಕ್ಕೆ ಶ್ರುತಿ ಕೊಳವೆಯೇ ಇಲ್ಲ, ಎರಡು ತೂತು. ಐರ್ಲೆಂಡಿನವರು ಊದೋದೇ ಇಲ್ಲ, ಮೊಣಕೈಯಲ್ಲಿ ತಿದಿ ಒತ್ತುತ್ತಾರೆ."

"ಜಾಣರು," ಎಂದರು ಅತ್ತೆ. "ಬಾಯಿ ಮಾತಾಡೋಕೆ ಬಿಡುವಾಗಿರುತ್ತೆ."

"ಸ್ಕಾಟ್‌ಲೆಂಡಿನದಕ್ಕೆ ಶ್ರುತಿ ಕೊಳವೆಯೇ ಮೂರು, ಒಟ್ಟು ಐದು. ಇದು ಮೇಕೆ ಚರ್ಮ, ಅದಕ್ಕೇ ಬಲ್ಗೇರಿಯಾ ಅಂತೀನಿ."

"ಥೂ, ಆ ಹೆಸರು ಯಾರಿಗೆ ಗೊತ್ತು? ಬ್ಯಾಗ್‌ಪೈಪ್ ಅಂದ್ರೆ ಸ್ಕಾಟ್‌ಲೆಂಡೇ. ಈ ಪಟದಲ್ಲಿರೋ ಚೌಕಳಿ ಲಂಗದ ಗಂಡಸು ಎಷ್ಟು ಚೆನ್ನಾಗಿದಾನೆ ನೋಡೇ. ಐದು ಬಿಚ್ಚು!"

ಮೂರು, ಐದು ಎಂದು ಇಬ್ಬರೂ ಕಿತ್ತಾಡುತ್ತ ಎರಡು ಗಂಟೆಯಾಯಿತು. ಟೈಲರಕ್ಕ ತನ್ನದೇ ಒಂದು ಲೆಕ್ಕ ಹಾಕಿದಳು: ತೂತು ಹೆಚ್ಚಾದರೆ ಬಿರಡೆ ಹಾಕಬಹುದು, ಕಡಿಮೆಯಾದರೆ ಮಾನ ಹೋಗುತ್ತದೆ. ಕುತ್ತಿಗೆಯದೊಂದು, ಮುಂಗಾಲಿನವೆರಡು, ಬೆನ್ನಿನ ಮೇಲಿನವೆರಡು. ತನ್ನ ಕೈಯ ಅಷ್ಟು ಚಂದದ ಹೊಲಿಗೆಯನ್ನು ತಾನೇ ಬಿಚ್ಚುವಾಗ ಅವಳಿಗೆ, ಅಳುತ್ತಿರುವ ಮಗುವಿನ ಕೂದಲು ಕತ್ತರಿಸುವಂಥ ಸಂಕಟ. ಆದರೂ ಬಿಚ್ಚಿದಳು. ಪ್ರತಿ ತೂತಿಗೂ ಕಾಜಾ ಹೊಲಿದಂತೆ ಅಂಚು ಕಟ್ಟಿದಳು.

ಅವಳು ಬಿಚ್ಚಿ ಹೊಲಿಯುವಷ್ಟು ಹೊತ್ತು ಅತ್ತೆ ಕಾಣಿಸಲಿಲ್ಲ. ಎಲ್ಲಿಗೆ ಹೋಗಿದ್ದರು ಎನ್ನುವುದು ಮೂರು ಗಂಟೆಗೆ ತಿಳಿಯಿತು. ಹೆಡ್‌ಮಿಸ್ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೂ, ಅವರ ಯಜಮಾನರು ಕೊಳವೆಗಳ ಬುಟ್ಟಿ ಹೊತ್ತು ಅತ್ತೆಯ ಹಿಂದೆ ಓಡಿಬರುವುದಕ್ಕೂ ಸರಿಹೋಯಿತು.

"ಇಲ್ಲಿದೆಯಾ! ಬೆಳಗ್ಗಿಂದ ಮನೆಯೆಲ್ಲಾ ಹುಡುಕಿದೆ ಕಣೇ!" ಎಂದು ಹೆಂಡತಿಗೆ ಹೇಳಿ, ಚೀಲ ಎತ್ತಿಕೊಂಡು ಕಣ್ಣರಳಿಸಿದರು. "ಏನಮ್ಮಾ ಇದು! ನನ್ನದು ಬಲ್ಗೇರಿಯಾದ್ದು. ಇದಕ್ಕಿದ್ದದ್ದು ಮೂರೇ ತೂತು. ಮೇಲೆರಡು ಮಾಡಿದ್ದೀರಾ!"

ಮೇಷ್ಟ್ರು ಅತ್ತೆಯ ಕಡೆ ನೋಡಿದರು. ಅತ್ತೆ ಆಕಾಶ ನೋಡಿದರು.

"ಅದ್ಭುತ!" ಎಂದರು ಯಜಮಾನರು. "ಊರಿಂದೂರಿಗೆ ಹೋದ ಹಾಗೆ ಹೀಗೇ ಅಲ್ವಾ ಇದು ಬದಲಾಗಿದ್ದು? ಇದು ನಮ್ಮ ಬೀದಿಯ ತಳಿ! ಇನ್ನೂ ಎರಡು ಶ್ರುತಿ ಕೊಳವೆ ಸೇರಿಸ್ತೀನಿ!"

ಸೇರಿಸಿದರು, ಊದಿದರು. ನೆಗಡಿ ಹಿಡಿದ ಹತ್ತು ಎಮ್ಮೆಗಳು ಒಂದೇ ಕೊಟ್ಟಿಗೆಯಲ್ಲಿ ಜಗಳಕ್ಕೆ ನಿಂತ ಹಾಗಾಯಿತು. ಯಜಮಾನರು ಊದುತ್ತಲೇ ಬೀದಿಗಿಳಿದರು. ಮೇಷ್ಟ್ರು, ಅತ್ತೆ ಹಿಂದೆಯೇ ಹೊರಟರು.

ಅಂಗಡಿಯಲ್ಲಿ ಇಬ್ಬರೇ ಹೆಂಗಸರು ಉಳಿದರು.

"ನಾನೇನು ಹೇಳಿದ್ದೆ ನಿಮಗೆ?" ಎಂದರು ಹೆಡ್‌ಮಿಸ್ ಮೆಲ್ಲಗೆ.

"ಎಲ್ಲಾ ತೂತೂ ಮುಚ್ಚಿ ಅಂತ. ಮುಚ್ಚಿದ್ದೆ ಮೇಡಂ. ಆಮೇಲೆ… ಬಿಚ್ಚಿದೆ."

"ಯಾಕ್ರೀ ಬಿಚ್ಚಿದ್ರಿ? ಇಪ್ಪತ್ತಾರು ವರ್ಷದಿಂದ ಕೇಳ್ತಿದೀನಿ ನಾನು ಆ ಸದ್ದು. ಬೇಡ ಅಂದ್ರೆ ಮುಖ ಸಣ್ಣ ಮಾಡ್ಕೋತಾರೆ. ಟೈಲರ್ ಗೊತ್ತಾಗದೆ ಹೊಲಿದುಬಿಟ್ಟಿದಾರೆ ಅಂದ್ರೆ ಯಾರ ಮನಸ್ಸಿಗೂ ನೋವಾಗಲ್ಲ ಅಂದ್ಕೊಂಡಿದ್ದೆ. ಏನೂ ಕೇಳದೆ ಹೊಲಿಯೋರು ನೀವೊಬ್ಬರೇ ಅಂತ ನಿಮ್ಮ ಹತ್ರಾನೇ ತಂದೆ."

ಯಾರ ಮನಸ್ಸಿಗೂ ಎಂದರೆ ಅದರಲ್ಲಿ ತನ್ನ ಮನಸ್ಸೂ ಸೇರಿತ್ತೇ ಎಂದು ಕೇಳಬೇಕೆನಿಸಿತು ಟೈಲರಕ್ಕನಿಗೆ. ಆದರೆ ಎದುರಿಗಿದ್ದ ಮುಖ ಎಷ್ಟು ದಣಿದಿತ್ತೆಂದರೆ, ಅವಳು ಸುಮ್ಮನೆ ಒಂದು ಲೋಟ ನೀರು ಮುಂದಿಟ್ಟಳು.

ಯಜಮಾನರು ಬೆವರು ಒರೆಸಿಕೊಳ್ಳುತ್ತ ವಾಪಸಾದರು. "ಅಕ್ಕಾ, ಮನೇಲಿ ಇನ್ನೂ ಆರಿವೆ. ಐರ್ಲೆಂಡಿನದು, ಇಟಲಿಯದು… ಎಲ್ಲಾನೂ ಇಲ್ಲಿಗೇ ತರ್ತೀನಿ. ಅಭ್ಯಾಸಾನೂ ಇನ್ಮೇಲೆ ಇಲ್ಲೇ ಮಾಡ್ತೀನಿ. ಹರಿದ್ರೆ ನೀವು ಕೈಗೇ ಸಿಗ್ತೀರಿ!"

ಹೆಡ್‌ಮಿಸ್ ತಲೆಯೆತ್ತಿದರು. ಅವರ ಮುಖದಲ್ಲಿ ಇಪ್ಪತ್ತಾರು ವರ್ಷದ ಸುಕ್ಕುಗಳು ಒಂದೊಂದಾಗಿ ಇಸ್ತ್ರಿಯಾಗುತ್ತ ಬಂದವು.

ಇದೇ ಸಮಯ ಎಂದುಕೊಂಡು ಟೈಲರಕ್ಕ ಧೈರ್ಯ ಮಾಡಿದಳು. "ಮೇಡಂ, ಆ ಟೀಚರ್ ಕೆಲಸ…"

"ನಿಮಗೇ ಅಂತ ಬರೆಸಿ ತಂದಿದ್ದೆ," ಎಂದು ಹೆಡ್‌ಮಿಸ್ ಕೈಚೀಲದಿಂದ ಒಂದು ಕವರು ತೆಗೆದರು. ಅದನ್ನು ನೋಡಿದರು, ಗಂಡನನ್ನು ನೋಡಿದರು. ನಿಧಾನವಾಗಿ ಕವರನ್ನು ಮತ್ತೆ ಕೈಚೀಲದೊಳಗೆ ಇಳಿಸಿದರು.

"ಆದ್ರೆ ನೀವು ಶಾಲೆಗೆ ಬಂದ್ಬಿಟ್ರೆ ಅಂಗಡಿ ಬಾಗಿಲು ಹಾಕ್ಬೇಕಾಗುತ್ತಲ್ವಾ? ಪಾಪ, ಇವರು ಎಲ್ಲಿಗೆ ಹೋಗ್ಬೇಕು?" ಅಷ್ಟು ಮೃದುವಾಗಿ ಅವರು ಮಾತಾಡಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. "ಬೆಳಗ್ಗೆ ಏಳಕ್ಕೇ ತೆಗೀರಿ. ಭಾನುವಾರ ಬೇಕಾದ್ರೆ ಎಂಟಕ್ಕೆ."