ನಾನು ಗೋಧಿ ಬಿಟ್ಟ ಬಗೆ

ಕಾಯಿಲೆಗಳಲ್ಲಿ ಮರ್ಯಾದೆ ಇರುವವು, ಇಲ್ಲದವು ಎಂದು ಎರಡು ಬಗೆ. ಸಕ್ಕರೆ ಕಾಯಿಲೆ, ಬಿ.ಪಿ. ಇವೆಲ್ಲ ಮೊದಲನೆಯ ಬಗೆಯವು. ಮದುವೆ ಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ಶುಗರ್ ಇದೆ ಎಂದರೆ ಸಾಕು, ಬಡಿಸುವವನು ಗೌರವದಿಂದ ಮುಂದಕ್ಕೆ ಹೋಗುತ್ತಾನೆ. ಪಕ್ಕದ ಎಲೆಯವರು ತಮಗೆಷ್ಟಿದೆ ಎಂದು ಹೇಳಿ ಸ್ನೇಹ ಬೆಳೆಸುತ್ತಾರೆ. ನನ್ನದು ಎರಡನೆಯ ಬಗೆ. ನನಗೆ ಗೋಧಿ ಆಗುವುದಿಲ್ಲ. ಹೀಗೆಂದಾಗ ಎದುರಿಗಿದ್ದವರು ಮಾತು ಇನ್ನೂ ಮುಗಿದಿಲ್ಲವೇನೋ ಎಂದುಕೊಂಡು ಸ್ವಲ್ಪ ಹೊತ್ತು ಕಾಯುತ್ತಾರೆ. ಮುಗಿಯಿತೆಂದು ಖಾತ್ರಿಯಾದ ಮೇಲೆ, ಅಷ್ಟೇನಾ, ಮುದ್ದೆ ತಿನ್ನಪ್ಪ ಎಂದು ಎದ್ದು ಹೋಗುತ್ತಾರೆ. ರಾಗಿ ಬೆಳೆಯುವ ಸೀಮೆಯಲ್ಲಿ ಗೋಧಿಯ ಕಾಯಿಲೆ ಬಂದವನಿಗೆ ಕನಿಕರ ಸಿಗುವುದಿಲ್ಲ ಎಂಬುದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಅವರದೂ ತಪ್ಪಲ್ಲ. ನಮ್ಮಪ್ಪ ತಮ್ಮ ಜೀವಮಾನದಲ್ಲಿ ಚಪಾತಿ ತಿಂದದ್ದು ಆಸ್ಪತ್ರೆಯಲ್ಲಿದ್ದ ಮೂರು ದಿನ ಮಾತ್ರ, ಅದೂ ಬಯ್ದುಕೊಂಡು. ನಾನು ಹಾಗಲ್ಲ. ದೇವನಹಳ್ಳಿಗೆ ಬಂದು, ಜಮೀನು ನೋಂದಣಿ ಮಾಡುವ ಕಚೇರಿಯ ಎದುರು ಪತ್ರ ಬರೆಯುವವನಾಗಿ ಕುರ್ಚಿ ಮೇಜು ಹಾಕಿಕೊಂಡ ಮೇಲೆ, ಮುದ್ದೆ ನುಂಗುವುದು ನನ್ನ ಅಂತಸ್ತಿಗೆ ಕಡಿಮೆ ಎಂದು ನಾನೇ ತೀರ್ಮಾನಿಸಿಕೊಂಡೆ. ಬೆಳಗ್ಗೆ ಉಪ್ಪಿಟ್ಟು, ರಾತ್ರಿ ಚಪಾತಿ, ನಡುವೆ ಎರಡು ಸಲ ಬೇಕರಿ. ನನ್ನ ಹೆಂಡತಿ ಸರೋಜ ಅನುಗೊಂಡನಹಳ್ಳಿ ಕಡೆಯವಳು, ಒಂದು ಗಂಟೂ ಇಲ್ಲದಂತೆ ಮುದ್ದೆ ತಿರುವಬಲ್ಲವಳು. ಮದುವೆಯಾದ ಹೊಸದರಲ್ಲಿ ಅವಳು ಮುದ್ದೆ ಕಟ್ಟಿ ತಟ್ಟೆಗಿಟ್ಟರೆ ಮುಖ ಸಿಂಡರಿಸುತ್ತಿದ್ದೆ. ಪಾಪ, ಪಕ್ಕದ ಮನೆಯವರ ಹತ್ತಿರ ಹೋಗಿ ಚಪಾತಿ ಲಟ್ಟಿಸುವುದು ಕಲಿತು ಬಂದಳು. ಈಗ ಅದನ್ನು ನೆನೆದರೆ ನನಗೇ ಒಂದು ಬಾರಿಸಬೇಕು ಅನ್ನಿಸುತ್ತದೆ.

ಎರಡು ವರ್ಷ ಹೊಟ್ಟೆ ನನ್ನ ಮಾತು ಕೇಳಲಿಲ್ಲ. ಉಬ್ಬರ, ಭೇದಿ, ಸುಸ್ತು. ಬೆಲ್ಟಿಗೆ ಹೊಸದಾಗಿ ಮೂರು ತೂತು ಬಿದ್ದವು. ನೀರು ಸರಿಯಿಲ್ಲ ಎಂದರು, ದೃಷ್ಟಿ ಎಂದರು, ಒಬ್ಬರು ಜಾತಕವನ್ನೂ ತೋರಿಸಲು ಹೇಳಿದರು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಗಂಟಲಲ್ಲಿ ನಳಿಕೆ ಇಳಿಸಿ, ಕರುಳಿನ ಒಳಗೋಡೆ ಸವೆದು ನುಣ್ಣಗಾಗಿದೆ, ಇದಕ್ಕೆ ಸೀಲಿಯಾಕ್ ಅನ್ನುತ್ತಾರೆ, ಇನ್ನು ಬದುಕಿರುವವರೆಗೂ ಗೋಧಿ, ಮೈದಾ, ರವೆ, ಶ್ಯಾವಿಗೆ ಒಂದು ಚೂರೂ ಮುಟ್ಟಬಾರದು ಎಂದರು. ಹಬ್ಬಕ್ಕೆ ಒಂದು ಹೋಳಿಗೆ ಎಂದು ನಾನು ಚೌಕಾಸಿಗೆ ಇಳಿದೆ. ಹಬ್ಬ ಅಂತ ಒಂದು ಚಮಚ ವಿಷ ಕುಡೀತೀರಾ ಎಂದು ಕೇಳಿದರು. ಪಥ್ಯ ಮಾಡದಿದ್ದರೆ ಮುಂದೆ ಕರುಳಿಗೆ ಏನೇನು ಬರಬಹುದು ಎಂಬುದನ್ನು ಅವರು ಸರೋಜಳ ಕಡೆ ತಿರುಗಿ ಹೇಳಿದರು. 

ಮನೆಗೆ ಬಂದವಳೇ ಅಡುಗೆಮನೆಗೆ ಹೋದಳು. ಗೋಧಿ ಹಿಟ್ಟಿನ ಡಬ್ಬ, ರವೆ, ಶ್ಯಾವಿಗೆ, ಚಪಾತಿ ಮಣೆ, ಲಟ್ಟಣಿಗೆ ಎಲ್ಲ ಪಕ್ಕದ ಮನೆಗೆ ದಾಟಿದವು. ನನ್ನ ಕನ್ನಡಕ ಹಾಕಿಕೊಂಡು ಇಂಗಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ, ಇಂಗಿಗೂ ಮೈದಾ ಬೆರೆಸಿರುತ್ತಾರೆ ಎಂದು ಕಂಡುಹಿಡಿದಳು. ಅಂದಿನಿಂದ ನಮ್ಮ ಮನೆಯ ಸಾರಿಗೆ ಇಂಗಿಲ್ಲ. ಇಷ್ಟಕ್ಕೆ ನಿಂತಿದ್ದರೆ ಸಹಿಸಬಹುದಿತ್ತು. ಅವಳು ತಾನೂ ಗೋಧಿ ಬಿಟ್ಟಳು. ನೀನು ತಿನ್ನು, ನಿನಗೇನು ಬಂದಿದೆ ಎಂದರೆ, ನಿಮಗಿಲ್ಲದ್ದು ನನಗ್ಯಾಕೆ ಎಂದಳು. ತಂಗಿಯ ಮನೆಯ ಗೃಹಪ್ರವೇಶದಲ್ಲೂ ಹೋಳಿಗೆ ಮುಟ್ಟದೆ ಅನ್ನ ಸಾರು ತಿಂದು ಎದ್ದಳು. ಇಂಥ ಹೆಂಡತಿ ಸಿಕ್ಕಿದ್ದು ಪುಣ್ಯ ಎಂದು ನೋಡಿದವರೆಲ್ಲ ಹೇಳುತ್ತಾರೆ. ಪುಣ್ಯವೇ. ಆದರೆ ಅವಳು ಒಂದು ದಿನವಾದರೂ ನನಗೆ ಕಾಣದ ಹಾಗೆ ಒಂದು ಬನ್ ತಿಂದಿದ್ದರೆ ನನ್ನ ಮನಸ್ಸು ಎಷ್ಟೋ ಹಗುರವಾಗಿರುತ್ತಿತ್ತು.

ಏಕೆಂದರೆ ನನ್ನ ಮೇಜಿನ ಎದುರಿಗೇ ಬೇಕರಿ ಇದೆ. ನಾಲ್ಕು ಗಂಟೆಗೆ ಅಲ್ಲಿ ದಿಲ್‌ಪಸಂದ್ ಹೊರಗೆ ಬರುತ್ತದೆ. ಮೈದಾದ ಎರಡು ಪದರದ ನಡುವೆ ಸಕ್ಕರೆ ಕೊಬ್ಬರಿ, ಕೆಂಪು ಹಸಿರು ಟೂಟಿ ಫ್ರೂಟಿ ತುಂಬಿ, ದುಂಡಗೆ ಬೇಯಿಸಿ, ತ್ರಿಕೋನವಾಗಿ ಕತ್ತರಿಸಿ ಇಡುತ್ತಾರೆ. ನಾನು ಕುರ್ಚಿಯನ್ನು ಆ ಕಡೆಗೆ ಬೆನ್ನಾಗುವಂತೆ ತಿರುಗಿಸಿಕೊಂಡೆ. ವಾಸನೆ ಬೆನ್ನ ಹಿಂದಿನಿಂದಲೂ ಬಂತು. ಕಡಲೆಕಾಯಿ ಬೀಜ ಜೇಬಿನಲ್ಲಿ ಇಟ್ಟುಕೊಂಡು ನಾಲ್ಕು ಗಂಟೆಗೆ ಜಗಿದೆ. ಹೀಗೆ ನಾಲ್ಕು ತಿಂಗಳು ಬಾಯಿ ಕಟ್ಟಿದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು, ಮುಂದಿನದನ್ನು ಹೇಳುವ ಮೊದಲು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಪತ್ರ ನೋಂದಣಿಯಾದ ಕೂಡಲೇ ಕೊಂಡವರು ಬೇಕರಿಯಿಂದ ಸಿಹಿ ತರಿಸಿ, ಸಾಕ್ಷಿ ಹಾಕಿದವರಿಂದ ಹಿಡಿದು ಆಟೋದವನವರೆಗೆ ಎಲ್ಲರಿಗೂ ಹಂಚುತ್ತಾರೆ. ಮೊದಲ ತುಂಡು ಪತ್ರ ಬರೆದವನದು. ಅವನು ಎಲ್ಲರೆದುರಿಗೆ ಬಾಯಿಗೆ ಹಾಕಿಕೊಳ್ಳಬೇಕು. ಬರೆದವನೇ ತಿನ್ನಲಿಲ್ಲ ಎಂದರೆ ಪತ್ರದಲ್ಲಿ ಏನೋ ಐಬಿದೆ ಎಂದು ಲೆಕ್ಕ. ನಾನು ಮನೆಗೆ ಒಯ್ಯುತ್ತೇನೆ ಎಂದು ಕಾಗದದಲ್ಲಿ ಸುತ್ತಿಟ್ಟುಕೊಂಡು, ಅವರು ಆ ಕಡೆ ಹೋದ ಮೇಲೆ ಯಾರಿಗಾದರೂ ಕೊಟ್ಟುಬಿಡುತ್ತಿದ್ದೆ. ಒಂದು ದಿನ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಮೂವತ್ತು ನಲವತ್ತರ ಒಂದು ಸೈಟು ಕೊಂಡರು. ಜೀವಮಾನದ ಮೊದಲ ಆಸ್ತಿ. ಹೆಬ್ಬೆಟ್ಟಿನ ಮಸಿ ಇನ್ನೂ ಒರೆಸಿಕೊಳ್ಳದ ಕೈಯಲ್ಲೇ ನನ್ನ ಮುಂದೆ ದಿಲ್‌ಪಸಂದ್ ಹಿಡಿದರು. ನಾನು ಕಾಗದ ಹುಡುಕತೊಡಗಿದ್ದನ್ನು ನೋಡಿ ಅವರ ಮುಖ ಸಪ್ಪಗಾಯಿತು.

"ಯಾಕಪ್ಪಾ, ಪತ್ರದಾಗೆ ಏನಾನ ತೊಂದ್ರೆ ಐತಾ?" ಎಂದರು.

ಅಜ್ಜಿಗೆ ನನ್ನ ಕರುಳಿನ ಒಳಗೋಡೆಯ ವಿಚಾರ ವಿವರಿಸಬಹುದಿತ್ತು. ವಿವರಿಸಲಿಲ್ಲ. ತಿಂದೆ. ಅಜ್ಜಿಗೆ ಸಮಾಧಾನವಾಯಿತು. ನನಗೆ ಅದಕ್ಕಿಂತ ಹೆಚ್ಚು ಸಮಾಧಾನವಾಯಿತು. ಅಂದು ರಾತ್ರಿಯೇ ಹೊಟ್ಟೆ ನೋವು ಬಂದಿದ್ದರೆ ಬುದ್ಧಿ ಬರುತ್ತಿತ್ತೇನೋ, ಏನೂ ಆಗಲಿಲ್ಲ. ಅದರ ಮಾರನೆಯ ದಿನದಿಂದ ನನ್ನ ಹತ್ತಿರ ಬರುವವರಲ್ಲಿ ಅನುಮಾನದ ಸ್ವಭಾವ ಹೆಚ್ಚುತ್ತಾ ಹೋಯಿತು. ಯಾರೂ ಬಾಯಿಬಿಟ್ಟು ಕೇಳದಿದ್ದರೂ ಅಜ್ಜಿಯ ಪ್ರಶ್ನೆ ಎಲ್ಲರ ಕಣ್ಣಲ್ಲೂ ಕಾಣತೊಡಗಿತು. ಅವರ ನೆಮ್ಮದಿಗಾಗಿ ನಾನು ತಿನ್ನುತ್ತಾ ಹೋದೆ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮೂರಲ್ಲಿ ಜಮೀನು ಕೈ ಬದಲಾಯಿಸದ ದಿನ ಕಡಿಮೆ. ಹಾಗೊಂದು ದಿನ ಬಂದರೆ, ನಿನ್ನೆಯ ಪತ್ರಕ್ಕೆ ಇನ್ನೂ ಸ್ವಲ್ಪ ಶುಭವಾಗಲಿ ಎಂದು ನಾನೇ ರಸ್ತೆ ದಾಟುತ್ತಿದ್ದೆ. ಸಂಜೆ ಮನೆಗೆ ಬಂದರೆ ಸರೋಜ, ಇವತ್ತು ಏನೂ ಮುಟ್ಟಲಿಲ್ಲ ತಾನೇ ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಸುಳ್ಳು ಹೇಳುವುದು ಎರಡನೆಯ ವಾರದಿಂದ ಸುಲಭವಾಯಿತು.

ಆರು ತಿಂಗಳಿಗೆ ರಕ್ತ ಪರೀಕ್ಷೆ. ಇಳಿಯಬೇಕಿದ್ದ ಅಂಕಿ ಏರಿ ಕೂತಿತ್ತು. ಡಾಕ್ಟರು ನನ್ನನ್ನು ನೋಡಿ, ಹೊರಗೆ ಏನಾದರೂ ತಿಂತಿದ್ದೀರಾ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸರೋಜ, ಇವರು ಅಂಥವರಲ್ಲ ಡಾಕ್ಟ್ರೇ, ನಾಲಿಗೆ ಮೇಲೆ ಅಷ್ಟು ಹಿಡಿತ ಇದೆ ಎಂದಳು. ಅವಳ ದನಿಯಲ್ಲಿದ್ದ ವಿಶ್ವಾಸ ಕೇಳಿ ನಾನು ತೆರೆದ ಬಾಯಿಯಿಂದ ಕೆಮ್ಮಿದೆ. ಹಾಗಾದರೆ ಎಲ್ಲಿಂದಲೋ ಗೋಧಿ ಸೇರುತ್ತಿದೆ, ಕೆಲವು ಸಲ ಗೋಧಿ ಬೀಸಿದ ಮಿಲ್ಲಿನಲ್ಲೇ ರಾಗಿ ಬೀಸಿದರೂ ಬೆರೆತುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಸರೋಜ ನೆಟ್ಟಗೆ ಕೂತಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಆ ಕ್ಷಣದಲ್ಲಿ ನನಗೆ ಆದ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಹಿಟ್ಟಿನ ಮಿಲ್ಲು ಇಟ್ಟಿರುವವರು ಮುನಿಶಾಮಣ್ಣ. ಅರವತ್ತು ದಾಟಿದವರು, ತಲೆಯಿಂದ ಕಾಲಿನವರೆಗೂ ಹಿಟ್ಟು, ಮಾತು ಕಡಿಮೆ. ಮಾರನೆಯ ದಿನ ಸರೋಜ ಅಲ್ಲಿಗೆ ಹೋದಳು. ಚೀಲ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಐದಾರು ಹೆಂಗಸರು ಸರದಿಯಲ್ಲಿದ್ದರು. ಗೋಧಿ ಬೀಸಿದ ಮೇಲೆ ರಾಗಿಗೆ ಮುಂಚೆ ಮಿಷನ್ ಒರೆಸ್ತೀರಾ ಎಂದು ಇವಳು ಕೇಳಿದಳು. ಮೇಲೆ ಮೇಲೆ ತಟ್ತೀನಮ್ಮ ಎಂದು ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸುಳ್ಳು ಹೇಳುವ ಅಭ್ಯಾಸ ಇದ್ದಿದ್ದರೆ ತಪ್ಪಿಸಿಕೊಳ್ಳುತ್ತಿದ್ದರು.

"ನಿಮ್ಮ್ ಮಿಲ್ಲಿಂದ ನಮ್ಮನೆಯವರ ಕರುಳು ಹಾಳಾಗೋಯ್ತು ಮುನಿಶಾಮಣ್ಣ. ಅವರು ಆರು ತಿಂಗ್ಳು ಬಾಯಿ ಕಟ್ಟಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ," ಎಂದಳು. ಕಣ್ಣಲ್ಲಿ ನೀರು ಬಂದಿತ್ತು.

ಮುನಿಶಾಮಣ್ಣ ಮಿಷನ್ ನಿಲ್ಲಿಸಿದರು. ಸರದಿಯಲ್ಲಿದ್ದವರು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಆಗ ಏನಿತ್ತೋ ತಿಳಿಯದು, ಒಬ್ಬಾಕೆ ಅಯ್ಯೋ ಪಾಪ ಎಂದಳು. ಇಷ್ಟು ದಿನ ಯಾರಿಂದಲೂ ಸಿಗದ ಕನಿಕರ ಅಂದು ಸಿಕ್ಕಿತು. ಅದನ್ನು ನಾನು ಸುಮ್ಮನೆ ನಿಂತು ತೆಗೆದುಕೊಂಡೆ.

ಆ ವಾರವೇ ಅನುಗೊಂಡನಹಳ್ಳಿಯ ಅವಳ ತವರಿನಿಂದ ರಾಗಿ ಬೀಸುವ ಕಲ್ಲು ನಮ್ಮ ಮನೆಗೆ ಬಂತು. ಅಲ್ಲಿ ಹಿತ್ತಲಲ್ಲಿ ಬಕೆಟ್ ಇಡಲು ಬಳಸುತ್ತಿದ್ದ ಕಲ್ಲು. ಸರೋಜ ಅದನ್ನು ಉಜ್ಜಿ ತೊಳೆದು, ಗೂಟ ಹೊಸದು ಹಾಕಿಸಿ, ಬೆಳಗಿನ ಐದೂವರೆಗೆಲ್ಲ ಎದುರಿಗೆ ಕೂತು ಬೀಸತೊಡಗಿದಳು. ಗುರ್ ಎಂಬ ಆ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದೆ. ನಾಲ್ಕೇ ದಿನಕ್ಕೆ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದವು. ಬಟ್ಟೆ ಸುತ್ತಿಕೊಂಡು ಬೀಸಿದಳು. ಅದೇ ಹಿಟ್ಟಿನ ಮುದ್ದೆ ತಟ್ಟೆಯಲ್ಲಿ ಕೂತು ನನ್ನನ್ನು ನೋಡುತ್ತಿತ್ತು. ಡಾಕ್ಟರ ಮಾತಿಗೆ ಬಗ್ಗದ ನಾಲಿಗೆ ಆ ಬೊಬ್ಬೆಗಳಿಗೆ ಬಗ್ಗಿತು. ಅಂದಿನಿಂದ ನಾನು ದಿಲ್‌ಪಸಂದ್ ಮುಟ್ಟಿಲ್ಲ. ಸಿಹಿ ಹಿಡಿದು ನಿಂತವರಿಗೆ, ನನಗೆ ಕಾಯಿಲೆ, ಪತ್ರಕ್ಕಲ್ಲ ಎಂದು ಹೇಳುತ್ತೇನೆ. ಎಲ್ಲರೂ ಒಪ್ಪುತ್ತಾರೆ. ಇಷ್ಟು ಸುಲಭವಾದ ಮಾತು ಅಜ್ಜಿಯ ಎದುರು ಯಾಕೆ ಹೊಳೆಯಲಿಲ್ಲ ಎಂದು ನನ್ನನ್ನು ಕೇಳಬೇಡಿ.

ಮುಂದಿನ ಆರು ತಿಂಗಳಿಗೆ ಅಂಕಿ ಇಳಿಯಿತು. ಚೆನ್ನಾಗಿಯೇ ಇಳಿಯಿತು. ನೋಡಿದ್ರಾ, ಮಿಲ್ಲೇ ಕಾರಣ ಎಂದು ಸರೋಜ ಡಾಕ್ಟರ ಎದುರಲ್ಲೇ ಅತ್ತಳು. ಅಲ್ಲಿಗೆ ನಾನು ಪೂರಾ ಸಿಕ್ಕಿಹಾಕಿಕೊಂಡೆ. ಬೀಸುವ ಕಲ್ಲಿನಿಂದಲೇ ಗುಣವಾಯಿತು ಎಂದು ಸಾಬೀತಾದ ಮೇಲೆ ಅವಳು ಜೀವಮಾನವಿಡೀ ಬೀಸುವವಳೇ. ಅದನ್ನು ಬಿಡಿಸಲು ಎರಡೇ ದಾರಿ. ಒಂದೋ ನಿಜ ಹೇಳಬೇಕು. ಇಲ್ಲವೇ ಮತ್ತೆ ದಿಲ್‌ಪಸಂದ್ ತಿಂದು ಅಂಕಿ ಏರಿಸಿ, ಕಲ್ಲಿನಿಂದ ಪ್ರಯೋಜನವಿಲ್ಲ ಎಂದು ತೋರಿಸಬೇಕು. ಹೆಂಡತಿಯ ಮೇಲಿನ ಕರುಣೆಯಿಂದ ಬೇಕರಿಗೆ ಹೋಗಬಹುದು ಎಂಬ ಈ ಎರಡನೆಯ ದಾರಿ ಹೊಳೆದಾಗ ನಾನು ಬಹಳ ಹೊತ್ತು ಅದನ್ನು ತೂಗಿ ನೋಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಮನುಷ್ಯ ಎಷ್ಟು ಕೆಳಗಿಳಿಯಬಹುದು ಎಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಒಂದು ಬೆಳಗ್ಗೆ ನಿಜ ಹೇಳಲೆಂದೇ ಎದ್ದು ಅವಳ ಎದುರು ಕೂತೆ. ಸರೋಜ, ಒಂದು ಮಾತು ಎಂದೆ. ಅವಳಿಗೆ ಅವಳದೇ ಯೋಚನೆ. ಕಲ್ಲು ನಿಲ್ಲಿಸದೆ ಹೇಳಿದಳು.

"ಆ ಮನುಷ್ಯನ್ನ ಅಷ್ಟು ಜನದ ಮುಂದೆ ಅಂದ್ಬಿಟ್ಟೆ ನೋಡ್ರೀ, ಎಷ್ಟೋ ದಿನ ನಿದ್ದೆ ಬರ್ಲಿಲ್ಲ. ರಿಪೋರ್ಟ್ ನೋಡಿದ್ಮೇಲೆ ಸಮಾಧಾನ ಆಯ್ತು. ನಾನು ಅಂದಿದ್ದು ಸುಳ್ಳಾಗಿದ್ದಿದ್ರೆ ಅವರ ಮುಖ ಹೆಂಗೆ ನೋಡ್ತಿದ್ದೆ?"

ಏನೋ ಅಂದ್ರಲ್ಲ ಎಂದಳು. ಏಳು, ಇವತ್ತಿಂದ ನಾನು ಬೀಸ್ತೀನಿ ಎಂದೆ. ಆಗ ಅವಳು ನನ್ನನ್ನು ನೋಡಿದಂಥ ನೋಟವನ್ನು ನಾನು ಮದುವೆಯಾದಾಗಲೂ ಕಂಡಿರಲಿಲ್ಲ. ಅಂದಿನಿಂದ ದಿನವೂ ಬೀಸುತ್ತಿದ್ದೇನೆ. ರಟ್ಟೆ ನೋಯುತ್ತದೆ, ಹಿಟ್ಟು ಇನ್ನೂ ತರಿತರಿಯಾಗಿಯೇ ಬೀಳುತ್ತದೆ. ಬೀದಿಯ ಹೆಂಗಸರು ನನ್ನನ್ನು ತೋರಿಸಿ ತಮ್ಮ ಗಂಡಂದಿರನ್ನು ಬಯ್ಯುತ್ತಾರಂತೆ. ಆ ಗಂಡಂದಿರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರ ಮೇಲೆ ನನಗೇನೂ ಬೇಸರವಿಲ್ಲ.

ಹೋದ ವಾರ ಮುನಿಶಾಮಣ್ಣ ಮನೆಯ ಬಾಗಿಲಿಗೆ ಬಂದರು. ಹಿಟ್ಟಿಲ್ಲದ ಬಟ್ಟೆಯಲ್ಲಿ ಅವರನ್ನು ನೋಡಿದ್ದು ಅದೇ ಮೊದಲು, ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಇನ್ನು ಮೇಲೆ ಸೋಮವಾರ ಮಿಲ್ಲಿನಲ್ಲಿ ರಾಗಿ ಮಾತ್ರ ಬೀಸುತ್ತೇನೆ, ಹಿಂದಿನ ದಿನವೇ ಮಿಷನ್ ಪೂರ್ತಿ ಬಿಚ್ಚಿ ತೊಳೆಯುತ್ತೇನೆ, ಮನೆಯಲ್ಲಿ ಬೀಸಿ ಕೈ ನೋಯಿಸಿಕೊಳ್ಳುವುದು ಬೇಡ ಎಂದು ಹೇಳಿ ಹೋಗಲು ಬಂದಿದ್ದರು. ಹೇಳಿದ ಮೇಲೂ ಹೋಗದೆ ನಿಂತಿದ್ದರು. ಸರೋಜ ಒಳಗಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತಳು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ತಿಕೊಂಡು, ನನ್ನ ಮುಖ ನೋಡಲಾರದೆ ಹೊಸ್ತಿಲು ನೋಡುತ್ತಾ ಕೈ ಮುಗಿದರು.

"ನನ್ನಿಂದ ನಿಮ್ಗೆ ಹಂಗಾಗೋಯ್ತು ಸ್ವಾಮಿ. ಮನಸ್ಸಿನಾಗೆ ಇಟ್ಕಾಬೇಡಿ," ಎಂದರು.

ಸರೋಜ ನನ್ನನ್ನೇ ನೋಡುತ್ತಿದ್ದಳು, ದೊಡ್ಡ ಮನಸ್ಸಿನವನು ಏನು ಹೇಳುತ್ತಾನೆ ಎಂದು.

"ಪರವಾಗಿಲ್ಲ ಬಿಡಿ ಮುನಿಶಾಮಣ್ಣ," ಎಂದೆ. "ನೀವೇನು ಬೇಕೂಂತ ಮಾಡಿದ್ದಲ್ವಲ್ಲ."