ಲೋಬಾನದ ಡಬ್ಬಿ, ನಲವತ್ತನೆಯ ಪಿಟೀಲು

ಪಿಟೀಲಿನ ವಿಷಯದಲ್ಲಿ ತಾನು ತಪ್ಪಿದರೆ ಅಂದು ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದು ಇಂಡಿ ಊರಿನ ತಬ್ರೇಜ ಆ ಗುರುವಾರವೂ ಸಾರಿದ. ಸಿಂದಗಿ, ಮುದ್ದೇಬಿಹಾಳದ ಮದುವೆ ಆರ್ಕೆಸ್ಟ್ರಾಗಳಲ್ಲಿ ಹದಿನೈದು ವರ್ಷ ಸಿನಿಮಾ ಹಾಡು ಬಾರಿಸಿ ಹೊಟ್ಟೆ ಹೊರೆದ ಮನುಷ್ಯ ಮನೆಗೆ ಬಂದರೆ ವಿದೇಶದ ಸಿಂಫನಿ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಅದರಲ್ಲಿ ನಲವತ್ತು ಪಿಟೀಲು ಒಟ್ಟಿಗೆ ಎದ್ದರೆ ಅವನ ಕಣ್ಣು ತುಂಬುತ್ತಿತ್ತು. ಹೆಂಡತಿ ನಿಷತಳಿಗೆ ಅದೊಂದು ಒಗಟು.

“ನಲವತ್ತ ಮಂದಿ ಒಂದ ಧಾಟಿ ಬಾರಸ್ತಾರಂದ್ರ, ಒಬ್ಬಾಂವ ಸುಮ್ನ ಕುಂತ್ರ ಯಾರಿಗೆ ತಿಳೀತೈತ್ರಿ?”

“ನನಗ ತಿಳೀತೈತಿ. ಕಿವಿ ಅಂದ್ರ ಇದು.”

ಹುಬ್ಬಳ್ಳಿಯ ದೊಡ್ಡ ವಾದ್ಯವೃಂದವೊಂದರಲ್ಲಿ ಅಂಥ ಪಿಟೀಲುಗಾರನ ಕುರ್ಚಿಯೊಂದು ಖಾಲಿ ಇತ್ತು. ಅದನ್ನು ನಡೆಸುವ ರಾಜಶ್ರೀ ಮೇಡಂ ಮೂಲತಃ ಬಾಗೇವಾಡಿಯವರು. ಆ ಸಂಜೆ ಏಳಕ್ಕೆ ವಿಡಿಯೋ ಕಾಲಿನಲ್ಲಿ ತಬ್ರೇಜನ ಪಿಟೀಲು ಕೇಳುವವರಿದ್ದರು. ಈ ಕುರ್ಚಿ ತಪ್ಪಿದರೆ ಆಯುಷ್ಯವೆಲ್ಲ ಊಟದ ಪಂಕ್ತಿಯ ಗದ್ದಲದಲ್ಲೇ ಬಾರಿಸಬೇಕು.

ಅದಕ್ಕೆಂದೇ ತಂತಿಯ ಮೇಲೆ ಎಳೆಯುವ ಕಮಾನಿಗೆ ಹೊಸ ಕುದುರೆಕೂದಲು ಹಾಕಿಸಿದ್ದ. ಹೊಸ ಕೂದಲಿಗೆ ರಾಳ, ಅಂದರೆ ಮರದ ಅಂಟಿನ ಗಡ್ಡೆ, ಉಜ್ಜದಿದ್ದರೆ ಪಿಟೀಲು ಪಿಟ್ಟೆನ್ನುವುದಿಲ್ಲ. ಆ ರಾಳವನ್ನು ಯಾರೂ ಮುಟ್ಟಬಾರದೆಂದು ತಾನೇ ಖಾಲಿ ಸುಣ್ಣದ ಡಬ್ಬಿಗೆ ಹಾಕಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದ. ಗುರುವಾರ ಸಂಜೆ ಕೆಂಡಕ್ಕೆ ಹಾಕಿ ಮನೆಗೆಲ್ಲ ಧೂಪ ತೋರಿಸಲು ತಾಯಿ ಪೀರಬಿ ಲೋಬಾನ ಇಡುತ್ತಿದ್ದುದೂ ಅದೇ ಗೂಡಿನಲ್ಲಿ, ಅಂಥದೇ ಇನ್ನೊಂದು ಸುಣ್ಣದ ಡಬ್ಬಿಯಲ್ಲಿ.

ಏಳಕ್ಕೆ ಐದು ನಿಮಿಷವಿದ್ದಾಗ ಕೈಗೆ ಸಿಕ್ಕ ಡಬ್ಬಿಯಿಂದ ಗಡ್ಡೆ ತೆಗೆದು ಕಮಾನಿಗೆ ಉಜ್ಜಿದ. ಕಮಾನು ಎಳೆದರೆ ನಿಂಬೆ ತೋಟದಲ್ಲಿ ಗಾಳಿ ಸುಳಿದಷ್ಟೇ ಸದ್ದು. ಇನ್ನಷ್ಟು ಉಜ್ಜಿದ. ಸದ್ದು ಹೆಚ್ಚಲಿಲ್ಲ, ಘಮ ಹೆಚ್ಚಿತು. ಅಮ್ಮ ಆಗಲೇ ಧೂಪ ಹಾಕಿದಳೇನೋ ಅಂದುಕೊಂಡ. ತಂತಿ ಬಿಗಿದ, ಸಡಿಲಿಸಿದ, ಕೊನೆಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು.

“ನಿಷತ, ನನಗ ಕಿವಿ ಕೇಳಾಕತ್ತಿಲ್ಲೇನು ನೋಡು.”

“ನಾ ಅಂದದ್ದು ಕೇಳ್ತೈತಲ್ರಿ?”

“ಅದು ಕೇಳ್ತೈತಿ.”

“ಹಂಗಾರ ಕಿವಿ ಚಲೋ ಅದಾವ.”

ಅಷ್ಟರಲ್ಲಿ ಫೋನಿನಲ್ಲಿ ಮೇಡಂ ಕಂಡರು. ದೇವರ ಮೇಲೆ ಭಾರ ಹಾಕಿ ಬಾರಿಸತೊಡಗಿದ. ಅತ್ತ ಪೀರಬಿ, ಗೂಡಿನಲ್ಲಿ ಉಳಿದಿದ್ದ ಡಬ್ಬಿ ತೆಗೆದು ಕೆಂಡಕ್ಕೆ ಸುರಿದಳು. ಕರ್‍ರಗಿನ ಹೊಗೆ ಎದ್ದಿತು.

“ಈ ಸಲದ ಲೋಬಾನ ಟೈರ್ ಸುಟ್ಟಂಗ ನಾರಾಕತ್ತೈತಲ್ಲೋ ತಬ್ರೇಜ,” ಎನ್ನುತ್ತ ಬಟ್ಟಲು ಹಿಡಿದು ನಡುಮನೆಗೇ ಬಂದಳು.

ತಬ್ರೇಜನಿಗೆ ಆಗ ಹೊಳೆಯಿತು. ಅವನ ರಾಳ ಕೆಂಡದ ಮೇಲಿತ್ತು, ಅಮ್ಮನ ಲೋಬಾನ ಕಮಾನಿನ ಮೇಲಿತ್ತು. ನಿಲ್ಲಿಸುವಂತಿರಲಿಲ್ಲ. ಕೆಮ್ಮುತ್ತಲೇ ಮುಗಿಸಿದ.

“ಹೊಗಿಯೊಳಗ ನೀವು ಕಾಣ್ಲಿಲ್ರಿ,” ಎಂದರು ಮೇಡಂ. “ಪಿಟೀಲೂ ಕೇಳ್ಲಿಲ್ಲ.”

“ತಪ್ಪಾತ್ರಿ ಮೇಡಂ.”

“ತಪ್ಪ್ಯಾಕ? ನನ್ನ ಹಂತ್ಯಾಕ ಮೂವತ್ತೊಂಬತ್ತ ಮಂದಿ ಅದಾರ. ಎಲ್ಲಾರೂ ತಮ್ಮದ ಕೇಳಬೇಕಂತ ಬಾರಸ್ತಾರ. ಕೇಳಿಸದಂಗ ಬಾರಸಾಂವ ಒಬ್ಬಾಂವ ಬೇಕಾಗಿದ್ದ. ಸೋಮವಾರ ಬರ್ರಿ. ಕಮಾನ ಮಾತ್ರ ಇದ ಇರ್ಲಿ.”

ಹದಿನೈದು ವರ್ಷದ ಕೈಚಳಕಕ್ಕೆ ಸಿಗದ ಕುರ್ಚಿ ಹೀಗೆ ಸಿಕ್ಕಿತು. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಭಾನುವಾರ ಚೀಲ ಕಟ್ಟುವಾಗ ತಲೆ ತಗ್ಗಿಸಿ ತಾಯಿಯ ಮುಂದೆ ಕೈಯೊಡ್ಡಿದ.

“ಅಮ್ಮಾ, ಒಂದೀಟು ಲೋಬಾನ ಕೊಡು.”

ಒಳಗಿನಿಂದ ನಿಷತ ಕೇಳಿದಳು: “ಸುಮ್ನ ಕುಂದರಾಕ ಲೋಬಾನ ಯಾಕ ಬೇಕ್ರಿ?”