ನಿಂಬೆಹಣ್ಣು ಉರುಳಿದ ಕಡೆಗೆ

ಚಕ್ರವನ್ನು ಕಂಡುಹಿಡಿದ ದಿನವೇ ಮನುಷ್ಯನು ದೂರವನ್ನು ಗೆದ್ದನೆಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರಲ್ಲಿ ಯಾರಿಗೂ ಸ್ಕೂಟರ್ ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ, ಗೆದ್ದದ್ದು ಪೆಟ್ರೋಲ್ ಪಂಪಿನವರೆಗೆ ಮಾತ್ರ ಎಂದು ಸೇರಿಸುತ್ತಿದ್ದರು.

ನನ್ನ ತಂದೆಯ ತಮ್ಮನಿಗೆ, ಅಂದರೆ ನನ್ನ ಕಾಕಾಗೆ, ಸ್ಕೂಟರ್ ಇತ್ತು. ಜಮಖಂಡಿಯ ನೆಲ ಎತ್ತ ವಾಲಿದೆ ಎಂಬುದು ಮಳೆನೀರಿಗಿಂತ ಮೊದಲೇ ಅವರಿಗೆ ತಿಳಿಯುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ. ನೀರು ಪಾಪ, ಹರಿದು ನೋಡಿ ತಿಳಿಯಬೇಕು. ಕಾಕಾ ನಿಂತಲ್ಲೇ ಹೇಳುತ್ತಿದ್ದರು.

ಆಗ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ತಾಲೂಕು ಕಚೇರಿಯಲ್ಲಿ ಕ್ಲಾರ್ಕರಾಗಿದ್ದ ಕಾಕಾ ಹೆಸರು ಬರೆಸಿದಾಗ ಅವರ ಒಬ್ಬಳೇ ಮಗಳು ಒಂದನೆಯ ಇಯತ್ತೆಯಲ್ಲಿದ್ದಳು. ಸ್ಕೂಟರ್ ಬಂದಾಗ ಏಳನೆಯ ಇಯತ್ತೆ. ಅದು ಬಂದು ತಿಂಗಳಾಗಿರಲಿಲ್ಲ, ದೂರದ ಅರಬರ ನಾಡಿನಲ್ಲಿ ಯುದ್ಧ ಹತ್ತಿಕೊಂಡು ಪೆಟ್ರೋಲಿನ ಬೆಲೆ ಏರಿತು. ಅರಬರು ಈ ಸ್ಕೂಟರ್ ಬರುವುದನ್ನೇ ಕಾಯುತ್ತಿದ್ದರೆಂದು ಕಾಕಾ ಕೊನೆಯತನಕ ನಂಬಿದ್ದರು.

ಊರಿನ ಸ್ಕೂಟರಿನವರೆಲ್ಲ ಚಹಾದಂಗಡಿಯಲ್ಲಿ ಸಭೆ ಸೇರಿದರು. ಗ್ರಾಹಕರಾದ ನಾವು ಏನು ಮಾಡಬಹುದು ಎಂಬುದು ವಿಷಯ. ಮೊದಲು ದಿಲ್ಲಿಗೆ ಒಂದು ಮನವಿ ಹೋಯಿತು. ವಕೀಲರೊಬ್ಬರು ಅದನ್ನು ಎಂಥ ಇಂಗ್ಲಿಷಿನಲ್ಲಿ ಬರೆದಿದ್ದರೆಂದರೆ, ಅದರಲ್ಲಿ ನಮ್ಮ ಸಿಟ್ಟು ಎಲ್ಲಿದೆಯೆಂದು ಸಹಿ ಹಾಕಿದವರಿಗೇ ತಿಳಿಯಲಿಲ್ಲ. ಆಮೇಲೆ, ಬರುವ ಸೋಮವಾರ ಒಬ್ಬರೂ ಪೆಟ್ರೋಲ್ ಕೊಳ್ಳಕೂಡದೆಂದು ಠರಾವಾಯಿತು. ಅದರಂತೆ ರವಿವಾರವೇ ಎಲ್ಲರೂ ಟಾಕಿ ತುಂಬಿಸಿಕೊಂಡರು! ಪಂಪಿನವನು ಸೋಮವಾರ ಬಾಗಿಲು ಹಾಕಿಕೊಂಡು ಹೆಂಡತಿಯ ತವರಿಗೆ ಹೋಗಿಬಂದ. ಇಂಥ ಚಳವಳಿ ತಿಂಗಳಿಗೊಂದಾದರೂ ಇರಬೇಕೆಂದು ಅವನ ಅಭಿಪ್ರಾಯ.

ಟಾಕಿ ತುಂಬಿಸದವರು ಕಾಕಾ ಒಬ್ಬರೇ. ಅವರು ಸಭೆಯಿಂದ ಎದ್ದು ಬಂದದ್ದು ಬೇರೆಯೇ ತೀರ್ಮಾನದೊಂದಿಗೆ. "ದಿಲ್ಲಿ ನಮ್ಮ ಮಾತ ಕೇಳೂದಿಲ್ಲ. ಇಳಿಜಾರ ಕೇಳತೈತಿ" ಎಂದರು.

ಅಂದಿನಿಂದ ಇಳಿಜಾರು ಬಂದಲ್ಲೆಲ್ಲ ಎಂಜಿನ್ ಬಂದ್. ಇಷ್ಟನ್ನು ಯಾರಾದರೂ ಮಾಡಿಯಾರು. ಆದರೆ ಕಣ್ಣಿಗೆ ಸಪಾಟಾಗಿ ಕಂಡ ರಸ್ತೆಯೂ ಒಳಗೊಳಗೇ ಎತ್ತಲೋ ವಾಲಿರುತ್ತದೆ ಎಂಬುದು ಕಾಕಾರ ಸಿದ್ಧಾಂತ. ಅದನ್ನು ಪತ್ತೆಹಚ್ಚಲು ಅವರು ಅಂಗಿಯ ಕಿಸೆಯಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡರು. ಸಂಶಯ ಬಂದಲ್ಲಿ ಸ್ಕೂಟರ್ ನಿಲ್ಲುತ್ತಿತ್ತು. ಹಿಂದೆ ಕುಳಿತ ಮಗಳು ಇಳಿದು ನಿಂಬೆಹಣ್ಣನ್ನು ರಸ್ತೆಯ ಮೇಲಿಡುತ್ತಿದ್ದಳು. ತಂದೆ ಮಗಳು ಇಬ್ಬರೂ ಬಗ್ಗಿ ನೋಡುತ್ತಿದ್ದರು. ಉರುಳಿತೋ, ಎಂಜಿನ್ ಬಂದ್. ಇಲ್ಲವೋ, ನಿಟ್ಟುಸಿರು ಮತ್ತು ಕಿಕ್.

ಎಂಜಿನ್ ಬಂದ್ ಆದರೆ ಆ ಸ್ಕೂಟರಿನ ಹಾರ್ನೂ ಬಂದ್. ಬ್ರೇಕ್ ಹಾಕಿದರೆ ಸಿಕ್ಕ ಇಳಿಜಾರು ವ್ಯರ್ಥವಾಗುತ್ತದೆಂದು ಕಾಕಾ ಅದನ್ನೂ ಮುಟ್ಟುತ್ತಿರಲಿಲ್ಲ. ಹೀಗಾಗಿ ಪೇಟೆಯ ಇಳಿಜಾರಿನಲ್ಲಿ ಮಗಳೇ ಹಿಂದಿನಿಂದ ಕೂಗುತ್ತಿದ್ದಳು: "ಬಾಜೂ ಸರೀರಿ, ಅಪ್ಪಾ ಬರಾಕತ್ತಾರ, ನಿಂದ್ರೂದಿಲ್ಲ!" ಎಮ್ಮೆಗಳು ಕೂಡ ಆ ದನಿಯನ್ನು ಗುರುತಿಸಿ ದಾರಿ ಬಿಡುತ್ತಿದ್ದವು. ಮ್ಯಾಟ್ರಿಕ್ ಮುಗಿದು, ಕಾಲೇಜು ಮುಗಿದರೂ ಅವಳು ಆ ಕೆಲಸ ಬಿಡಲಿಲ್ಲ. ಅವಳಿಗೆ ನಾಚಿಕೆಯಾಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ಆಗುತ್ತದೆ, ಆದರೆ ತಾನು ಇಳಿದರೆ ಅಪ್ಪನಿಗೆ ಹಾರ್ನ್ ಯಾರು ಎಂದಳು.

ನಡುಬೀದಿಯಲ್ಲಿ ನಿಂಬೆಹಣ್ಣು ಇಟ್ಟು ಬಗ್ಗಿ ನೋಡುವವರನ್ನು ಲೋಕ ಏನೆಂದುಕೊಳ್ಳುತ್ತದೆ? ಒಮ್ಮೆ ಮೂರು ದಾರಿ ಕೂಡುವಲ್ಲಿ ಹಣ್ಣು ಉರುಳಿ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಕಾಕಾ ಕಚೇರಿಗೆ ಹೊತ್ತಾಯಿತೆಂದು ಅದನ್ನು ಅಲ್ಲೇ ಬಿಟ್ಟು ಹೋದರು. ಯಾರೋ ಮಾಟ ಮಾಡಿಸಿದ್ದಾರೆಂದು ಮಧ್ಯಾಹ್ನದೊಳಗೆ ಸುದ್ದಿಯಾಯಿತು. ಕಾಯಿಪಲ್ಲೆಯವಳು ತನ್ನ ಬುಟ್ಟಿ ಎತ್ತಿಕೊಂಡು ಬೇರೆ ಕಡೆ ಕುಳಿತಳು. ಮರುದಿನ ಅದರ ಮೇಲೆ ಕುಂಕುಮ ಬಿತ್ತು. ವಾರ ತುಂಬುವುದರೊಳಗೆ ಎರಡು ತೆಂಗಿನಕಾಯಿಗಳೂ ಬಂದು ಸೇರಿದವು. ಕಾಕಾ ಅವುಗಳನ್ನು ಬಹಳ ಹೊತ್ತು ನೋಡಿ, ಉರುಳುವುದರಲ್ಲಿ ತೆಂಗಿನಕಾಯಿ ಇನ್ನೂ ಛಲೋ, ಆದರೆ ಕಿಸೆಯಲ್ಲಿ ಹಿಡಿಯುವುದಿಲ್ಲ ಎಂದರು.

ಇದೆಲ್ಲ ನಗುವ ಮಾತಾಯಿತು. ನಗಲಾಗದ ಮಾತು ಶುರುವಾದದ್ದು ಮಗಳಿಗೆ ವರ ನೋಡುವಾಗ. ಅಷ್ಟರಲ್ಲಿ ಪೆಟ್ರೋಲ್ ಮತ್ತೊಮ್ಮೆ ಏರಿತ್ತು.

ಮೊದಲು ಬಂದ ವರ ಬೆಳಗಾವಿಯವನು. ಬ್ಯಾಂಕಿನ ನೌಕರಿ, ಸ್ವಂತ ಮನೆ, ಮೆತ್ತಗಿನ ಮಾತು. ಮನೆಯವರೆಲ್ಲರಿಗೂ ಒಪ್ಪಿಗೆಯಾಯಿತು. ಕಾಕಾ ಮಾತ್ರ ಕಣಿ ಹೇಳುವವರಂತೆ ಕಣ್ಣು ಮುಚ್ಚಿ, ದಾರಿ ಏರು ಎಂದರು. ಎರಡನೆಯವನು ಹುಬ್ಬಳ್ಳಿಯ ಇಂಜಿನಿಯರ್. ಅದೂ ಏರು. ಮೂರನೆಯದು ವಿಜಾಪುರದ ಮನೆತನ. ಹೊಳೆ ದಾಟಿದ ಮೇಲೆ ಪೂರಾ ಏರು. ಕಾಕಾರ ಹೆಂಡತಿಗೆ, ಅಂದರೆ ನನ್ನ ಕಾಕುಗೆ, ತಡೆಯದಾಯಿತು.

"ಜಮಖಂಡಿ ಏನ ಬಾವ್ಯಾಗ ಐತೇನ್ರಿ, ಎಲ್ಲಾ ಊರೂ ಏರ ಇರಾಕ? ಮಗಳನ್ನ ವರನಿಗೆ ಕೊಡಾಕತ್ತೀರೋ, ಸ್ಕೂಟರಿಗೆ ಕೊಡಾಕತ್ತೀರೋ?"

"ಕೊಟ್ಟ ಮ್ಯಾಲ ಹೋಗಿಬರೂದ ಬ್ಯಾಡೇನು?" ಎಂದರು ಕಾಕಾ.

ವರ್ಷ ಕಳೆಯಿತು. ಹುಡುಗಿಯ ತಂದೆಗೆ ತಲೆ ಸರಿಯಿಲ್ಲವೆಂದು ನೆಂಟರಲ್ಲಿ ಮಾತು ಹಬ್ಬಿ, ವರಗಳು ಬರುವುದೇ ನಿಂತಿತು. ಕಾಕು ದೇವರ ಮುಂದೆ ಕುಳಿತು ಅಳುವುದನ್ನು ನಾನೇ ನೋಡಿದ್ದೇನೆ. ಮಗಳು ಮಾತ್ರ ಎಂದಿನಂತೆ ನಿಂಬೆಹಣ್ಣು ಇಡುತ್ತಿದ್ದಳು.

ಕೊನೆಗೆ ಬನಹಟ್ಟಿಯಿಂದ ಒಂದು ಸಂಬಂಧ ಬಂತು. ನೇಕಾರ ಮನೆತನ, ಮನೆಯಲ್ಲೇ ನಾಲ್ಕು ಪಾವರ್‌ಲೂಮು, ಹುಡುಗ ಬಿ.ಕಾಂ. ಓದಿ ಅವನ್ನೇ ನೋಡಿಕೊಳ್ಳುತ್ತಿದ್ದ. ಮನೆತನ ನೋಡಲು ಕಾಕಾ ಹೊರಟಾಗ, ಅವರು ಅಲ್ಲಿ ಏನೂ ಮಾಡದಂತೆ ನೋಡಿಕೊಳ್ಳಲು ಕಾಕು ನನ್ನನ್ನು ಜೊತೆಗೆ ಕಳಿಸಿದಳು. ನಾನು ನೋಡಿಕೊಂಡೆ. ಅವರು ಮಾಡಿದ್ದನ್ನೆಲ್ಲ ನೋಡಿಕೊಂಡೆ!

ಸ್ಕೂಟರ್ ನಿಂತದ್ದೇ ತಡ, ಕಾಕಾ ಬೀಗರಾಗುವವರ ಹೊಸ್ತಿಲ ಮುಂದೆಯೇ ಬಗ್ಗಿ ನಿಂಬೆಹಣ್ಣು ಇಟ್ಟರು. ಅದು ಉರುಳಿತು. ಉರುಳಿ ಹೋಗಿ, ಬಾಗಿಲಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಹುಡುಗನ ಅಜ್ಜಿಯ ಕಾಲಿಗೆ ಮುಟ್ಟಿತು.

"ಯಾರೋ ಅಂವಾ, ನಮ್ಮ ಬಾಗಲಕ್ಕ ಲಿಂಬಿಹಣ್ಣ ಒಗದಾಂವಾ?" ಎಂದಳು ಅಜ್ಜಿ.

ಒಳಗೆ ಒಂದೊಂದಾಗಿ ನಾಲ್ಕೂ ಮಗ್ಗಗಳು ನಿಂತವು. ಬನಹಟ್ಟಿಯಲ್ಲಿ ಹಗಲು ಹೊತ್ತು ಮಗ್ಗ ನಿಂತಿತೆಂದರೆ ಒಂದೋ ಕರೆಂಟ್ ಹೋಗಿರಬೇಕು, ಇಲ್ಲವೇ ಯಾರಾದರೂ ತೀರಿಕೊಂಡಿರಬೇಕು. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಸಂಬಂಧ ಮುರಿದೇ ಹೋಯಿತೆಂದು ನಾನು ಒಬ್ಬನೇ ಮರಳಲು ಬಸ್ಸಿನ ಹೊತ್ತು ನೆನಪಿಸಿಕೊಳ್ಳತೊಡಗಿದೆ.

ಕಾಕಾ ಕೈಮುಗಿದು ಎಲ್ಲವನ್ನೂ ವಿವರಿಸಿದರು. ಅರಬರಿಂದ ಶುರುಮಾಡಿ, ದಿಲ್ಲಿಯ ಮನವಿಯ ಮೇಲೆ ಹಾಯ್ದು, ನಿಂಬೆಹಣ್ಣಿಗೆ ಬಂದು ಮುಟ್ಟಿದರು. ನೂಲಿನ ಗಂಟು ಸಾಗಿಸಲು ತಾವೂ ಒಂದು ಸ್ಕೂಟರ್ ಇಟ್ಟಿದ್ದ ಹುಡುಗನ ತಂದೆ, ಮೊದಲು ಕೈಕಟ್ಟಿ ಕೇಳಿದರು. ಆಮೇಲೆ ಕೆಳಗೆ ಕುಳಿತು ಕೇಳಿದರು.

"ಸಾಹೇಬ್ರ, ಹಿಂಗ ಮಾಡಿದ್ರ ಲೀಟರಿಗೆ ಎಷ್ಟ ಬರತೈತ್ರಿ?"

ಕಾಕಾ ಹೇಳಿದರು. ಅವರು ಎದ್ದು ಒಳಗೆ ಹೋಗಿ, ತಮ್ಮದೂ ಒಂದು ನಿಂಬೆಹಣ್ಣು ಆರಿಸಿಕೊಂಡು ಬಂದರು.

ಅಜ್ಜಿ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಮಾಟದ ಹಣ್ಣಲ್ಲವಾದರೆ ಇದನ್ನೇ ಕೊಯ್ದು ಶರಬತ್ತು ಮಾಡುತ್ತೇನೆ, ಮೊದಲು ನೀನು ಕುಡಿ ಎಂದಳು. ಕಾಕಾರ ಕಿಸೆಯಲ್ಲಿ ಬಿಸಿಲು ಕುಡಿದು, ಮೂರು ತಾಲೂಕುಗಳ ರಸ್ತೆಯ ಧೂಳು ತಿಂದ ಹಣ್ಣು ಅದು. ಕಾಕಾ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಲೋಟ ಬರಿದು ಮಾಡಿದರು. ಅವರು ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ಅಜ್ಜಿ ಸಕ್ಕರೆ ಹಂಚಿಸಿದಳು. ನಾಲ್ಕೂ ಮಗ್ಗಗಳು ಚಾಲೂ ಆದವು.

ಆ ಬೇಸಿಗೆಯಲ್ಲೇ ಮದುವೆಯಾಯಿತು. ಬನಹಟ್ಟಿಗೆ ಪೂರಾ ಇಳಿಜಾರು, ಒಂದು ಹನಿ ಪೆಟ್ರೋಲ್ ಬೇಕಿಲ್ಲ ಎಂದು ಕಾಕಾ ಮಂಟಪದಲ್ಲಿ ಎಲ್ಲರಿಗೂ ಹೇಳುತ್ತ ತಿರುಗಿದರು.

ಇಲ್ಲಿ ನಾನು ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ಅಂದು ಆ ಹೊಸ್ತಿಲ ಮುಂದೆ ನಿಂಬೆಹಣ್ಣು ತಾನಾಗಿ ಉರುಳಲಿಲ್ಲ. ಇಟ್ಟಲ್ಲೇ ಕುಳಿತಿತ್ತು. ಕಾಕಾ ಆಚೀಚೆ ನೋಡಿ, ಚಪ್ಪಲಿಯ ತುದಿಯಿಂದ ಅದನ್ನು ಮೆಲ್ಲಗೆ ನೂಕಿದ್ದರು.

ಮದುವೆಯ ನಂತರದ ಮೊದಲ ರವಿವಾರ ಮಗಳನ್ನು ನೋಡಲು ಹೊರಟಾಗ, ಹಿಂದಿನ ಸೀಟಿನಲ್ಲಿ ನಾನಿದ್ದೆ. ಊರು ದಾಟಿದ ಮೇಲೆ ಒಂದು ನಿಜವಾದ ಇಳಿಜಾರು ಬಂತು. ಎಂಜಿನ್ ಬಂದ್ ಆಗಲಿಲ್ಲ. ಇಳಿಜಾರು ಬಂತೆಂದು ನಾನು ಹೇಳಿದೆ. ಬರಲಿ ಎಂದರು. ಆಗ ನಾನು ನಿಂಬೆಹಣ್ಣಿನ ಮಾತು ತೆಗೆದೆ. ಅಂದು ಅವರು ಅದನ್ನು ಕಾಲಿನಿಂದ ನೂಕಿದ್ದನ್ನು ನೋಡಿದ್ದೇನೆ ಎಂದೆ.

ಕಾಕಾ ಹಾರ್ನ್ ಬಾರಿಸಿ ಒಂದು ಎತ್ತಿನ ಗಾಡಿಯನ್ನು ದಾಟಿದರು.

"ನಿಮ್ಮ ಕಾಕುಗ ಹೇಳಬ್ಯಾಡ" ಎಂದರು. ಆಮೇಲೆ, "ಬೆಳಗಾವಿ ಹುಡುಗ ಛಲೋನ ಇದ್ದ. ಆದ್ರ ಪೆಟ್ರೋಲ್ ನಾಳೆ ಎಷ್ಟ ಆಗತೈತೋ ಯಾರಿಗೆ ಗೊತ್ತು? ನೌಕರಿ ಮುಗದ ಮ್ಯಾಲ ಈ ಸ್ಕೂಟರ್ ಹೊಡ್ಯಾಕ ಆಗತೈತೋ ಇಲ್ಲೋ. ಬನಹಟ್ಟಿ ಆದ್ರ ಸಮೀಪ, ನಡಕೋತರ ಹೋಗಬಹುದು."

"ಖರೆ. ಆದ್ರ ಈಗ ಎಂಜಿನ್ ಯಾಕ ಬಂದ್ ಮಾಡವಲ್ರಿ?"

"ಹೊತ್ತಾಗತೈತೋ. ಅಕಿ ಹಾದಿ ನೋಡಕೋತ ನಿಂತಿರತಾಳ."

ಆಮೇಲೆ ಪೆಟ್ರೋಲ್ ಎಷ್ಟೋ ಸಲ ಏರಿತು, ಒಮ್ಮೆಯೂ ಇಳಿದದ್ದು ನನಗೆ ನೆನಪಿಲ್ಲ. ಕಾಕಾ ಪ್ರತಿ ರವಿವಾರ ಎಂಜಿನ್ ಚಾಲೂ ಇಟ್ಟುಕೊಂಡೇ ಬನಹಟ್ಟಿಗೆ ಹೋಗಿಬಂದರು.